ಸ್ಪೇರ್ ಸಿಲಿಂಡರನ್ನು ಮಂಚದ ಕೆಳಗೆ ಮಲಗಿಸಿ ಇಡಬಹುದೇ?

ಚಿಕ್ಕ ಮನೆಯಲ್ಲಿ ಮಂಚದ ಕೆಳಗಿನ ಜಾಗ ಬಂಗಾರ. ಸೂಟ್‌ಕೇಸ್, ಪಾತ್ರೆ, ಹಳೇ ಹೊದಿಕೆ ಏನು ಬೇಕಾದರೂ ಇಡಿ, ಸಿಲಿಂಡರ್ ಮಾತ್ರ ಬೇಡ. ‘ಸೀಲ್ ಇದೆಯಲ್ಲ, ಏನಾಗುತ್ತೆ?’ ಎನ್ನುವವರಿದ್ದಾರೆ. ಸೀಲ್ ಇದ್ದರೂ ವಾಲ್ವ್ ಸೋರಬಹುದು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ, ಮಂಚದಡಿಯಲ್ಲೇ ತಂಗುತ್ತದೆ. ಮಲಗಿಸಿಟ್ಟರೆ ಅಪಾಯ ಇನ್ನೂ ಹೆಚ್ಚು: ವಾಲ್ವ್ ಬಳಿ ಅನಿಲದ ಬದಲು ದ್ರವ ಬಂದು ನಿಲ್ಲುತ್ತದೆ. ಹೊರಬಿದ್ದ ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗುತ್ತದೆ!

ಗಾಳಿಯಾಡುವ ಕಡೆ, ಒಲೆಯಿಂದ ದೂರ, ನೆಟ್ಟಗೆ ನಿಲ್ಲಿಸಿ. ಸೇಫ್ಟಿ ಕ್ಯಾಪ್ ಹಾಕಿರಲಿ (ಎಷ್ಟೋ ಮನೆಗಳಲ್ಲಿ ಅದು ಮೊದಲ ದಿನವೇ ಮಾಯ). ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ. ಕಿಟಕಿ, ಬಾಗಿಲು ತೆರೆದು ಹೊರಗೆ ಬಂದು 1906ಕ್ಕೆ ಕರೆ ಮಾಡಿ.