ಅವಳ ಕುಡಿತಕ್ಕೆ ಫೋನಿನಲ್ಲೂ ಚಿಕಿತ್ಸೆ ಇದೆ

ಗಂಡಸು ಕುಡಿದು ಬಿದ್ದರೆ ಊರವರೇ ಎತ್ತಿ ಮನೆ ಮುಟ್ಟಿಸುತ್ತಾರೆ. ಹೆಂಗಸು ಕುಡಿಯುತ್ತಾಳೆಂದು ಗೊತ್ತಾದರೆ ಮಾತು ತವರಿನವರೆಗೂ ಹೋಗುತ್ತದೆ. ಹಾಗಾಗಿ ಅವಳು ಮುಚ್ಚಿಡುತ್ತಾಳೆ. ಕಿರಾಣಿ ಅಂಗಡಿಯಲ್ಲಿ ಕದ್ದು ಮಾರುವ 90 ಎಂ.ಎಲ್. ಪ್ಯಾಕೆಟ್ ಸೆರಗಿನ ಮರೆಯಲ್ಲಿ ಮನೆಗೆ ಬಂದು ಅಕ್ಕಿ ಡಬ್ಬದ ಹಿಂದೆ ಸೇರುತ್ತದೆ. ಕೂಲಿಯ ಮೈಕೈ ನೋವಿಗೆಂದು ಶುರುವಾದದ್ದು, ಬೆಳಗಿನ ಕೈನಡುಕ ನಿಲ್ಲಲೂ ಅದೇ ಬೇಕೆನ್ನುವ ಹಂತಕ್ಕೆ ಬರುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುಡಿಯುವ ಮಹಿಳೆಯರು ಹಳ್ಳಿಗಳಲ್ಲಿ ಶೇ 1.6, ನಗರಗಳಲ್ಲಿ ಶೇ 0.6. ಇದು ಬಾಯಿಬಿಟ್ಟು ಹೇಳಿದವರ ಲೆಕ್ಕ ಮಾತ್ರ. ಹೆಣ್ಣಿನ ದೇಹದಲ್ಲಿ ನೀರಿನಂಶ ಕಡಿಮೆ. ಗಂಡಸಿನಷ್ಟೇ ಕುಡಿದರೂ ರಕ್ತದಲ್ಲಿ ಮದ್ಯದ ಪ್ರಮಾಣ ಹೆಚ್ಚು ಏರುತ್ತದೆ, ಲಿವರ್ ಬೇಗ ಕೆಡುತ್ತದೆ. ವ್ಯಸನಮುಕ್ತಿ ಕೇಂದ್ರಗಳೋ ಬಹುಪಾಲು ಗಂಡಸರಿಗೆಂದೇ ಇರುವಂಥವು. ಮಕ್ಕಳನ್ನು, ಹಸುವನ್ನು ಬಿಟ್ಟು ಅವಳು ಅಲ್ಲಿಗೆ ಹೋಗುವುದಾದರೂ ಹೇಗೆ?

ಇಲ್ಲಿ ಕೈಹಿಡಿಯಬಲ್ಲದ್ದು 14416. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮೇಲುಸ್ತುವಾರಿ ಕೇಂದ್ರ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಮೊದಲು ಆಪ್ತಸಮಾಲೋಚಕರು ಸಿಗುತ್ತಾರೆ, ಬೇಕಾದರೆ ಮನೋವೈದ್ಯರು.

ಎಷ್ಟು ಕುಡೀತೀರಿ, ಎದ್ದ ಕೂಡಲೇ ಬೇಕಾ, ಬಿಟ್ಟಾಗ ಬೆವರು, ನಡುಕ ಬರುತ್ತಾ, ಯಾವಾಗಲಾದರೂ ಫಿಟ್ಸ್ ಬಂದಿತ್ತಾ, ಗರ್ಭಿಣಿಯಾ? ಅವರು ಕೇಳುವ ಈ ಪ್ರಶ್ನೆಗಳಿಗೆ ಅಳುಕದೆ ನಿಜ ಹೇಳಬೇಕು. ದಿನವೂ ಹೆಚ್ಚು ಕುಡಿಯುವವರು ದೇವರ ಮೇಲೆ ಆಣೆಯಿಟ್ಟು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಜೀವವೂ ಹೋಗಬಹುದು. ಅಂಥವರಿಗೆ ಫೋನ್ ಸಾಲದು, ಆಸ್ಪತ್ರೆಯೇ ಬೇಕು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರನ್ನು ಕಾಣುವ ವ್ಯವಸ್ಥೆಯಿದೆ. ಬಿಟ್ಟ ಮೇಲಿನ ತಿಂಗಳುಗಳಲ್ಲಿ ಮಾತ್ರ ಫೋನಿನ ಮಾತೇ ದೊಡ್ಡ ಆಸರೆ. ಮತ್ತೆ ಕುಡಿಯಬೇಕೆನಿಸುವ ಸಂಜೆಗಳು ಬರುವುದು ಆಗಲೇ.

ಆದರೆ ಆ ಫೋನ್ ಯಾರದು? ಎಷ್ಟೋ ಮನೆಗಳಲ್ಲಿ ಗಂಡನದು, ಇಲ್ಲವೇ ಮಗನದು. ಯಾರಿಗೆ ಕರೆ ಹೋಗಿದೆ ಎಂದು ನೋಡುತ್ತಾರೆ. ಸಿಗ್ನಲ್ ಸಿಗುವುದು ಅಂಗಳದಲ್ಲಿ, ಅಲ್ಲಿ ಅತ್ತೆ ಕೂತಿರುತ್ತಾರೆ. ಚಿಕಿತ್ಸೆ ಆನ್‌ಲೈನ್ ಆದ ಮಾತ್ರಕ್ಕೆ ಅವಳಿಗೆ ಒಂಟಿಯಾಗಿ ಮಾತಾಡುವ ಜಾಗ ಸಿಗದು. ಊರಿನ ಆರೋಗ್ಯ ಉಪಕೇಂದ್ರಗಳಿಂದ ಇ-ಸಂಜೀವಿನಿ ಮೂಲಕ ವೈದ್ಯರೊಡನೆ ವಿಡಿಯೊದಲ್ಲಿ ಮಾತಾಡಿಸುವ ವ್ಯವಸ್ಥೆ ಈಗಾಗಲೇ ಇದೆ. ಬಿಪಿ ನೋಡಿಸಲು ಹೋಗಿದ್ದೆ ಎಂದರೆ ಮನೆಯಲ್ಲಿ ಯಾರೂ ಅನುಮಾನಿಸುವುದಿಲ್ಲ. ಅಲ್ಲೇ ವಾರಕ್ಕೊಮ್ಮೆ ಅರ್ಧ ಗಂಟೆ, ಬಾಗಿಲು ಹಾಕಿದ ಒಂದು ಕೋಣೆಯನ್ನು ಇಂಥ ಹೆಂಗಸರಿಗೆ ಬಿಟ್ಟುಕೊಡಲು ಹೊಸ ಕಟ್ಟಡವೇನೂ ಬೇಕಿಲ್ಲ.