ನಾಯಿಯ ಪಾದದ ತುರಿಕೆ: ಆಹಾರ ಮತ್ತು ಪಾದಗಳ ಆರೈಕೆ

ಇಂಡಿ ತಾಲ್ಲೂಕಿನ ಸಾಲೋಟಗಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಂಬೆ, ದ್ರಾಕ್ಷಿ ತೋಟಗಳ ರಾತ್ರಿ ಕಾವಲು ಬಹುಮಟ್ಟಿಗೆ ನಾಯಿಯದು. ಹಂದಿ ಬಂದರೂ ಕಳ್ಳ ಬಂದರೂ ಮೊದಲು ಎಚ್ಚರಗೊಳ್ಳುವುದು ಅದೇ. ಕುರಿಗಾರರಿಗಂತೂ ನಾಯಿಯಿಲ್ಲದೆ ಹಟ್ಟಿಯೇ ಇಲ್ಲ. ಇಂಥ ನಾಯಿ ದಿನವಿಡೀ ಒಂದು ಮೂಲೆಯಲ್ಲಿ ಮಲಗಿ ಮುಂಗಾಲು ನೆಕ್ಕುತ್ತ, ಬೆರಳ ಸಂದಿಗಳನ್ನು ಹಲ್ಲಿನಿಂದ ಕಚ್ಚುತ್ತ ಕುಳಿತರೆ ತೋಟದ ಕಾವಲು ತಪ್ಪಿದಂತೆಯೇ ಸರಿ.

"ಸಾಹೇಬ್ರ, ನಾಯಿ ಒಂದೇ ಸವನ ಕಾಲ ನೆಕ್ಕತೈತಿ, ಹುಚ್ಚ ಹಿಡದೈತೇನ್ರಿ?" ಎಂದು ಪಶುವೈದ್ಯರನ್ನು ಕೇಳುವವರಿದ್ದಾರೆ. ಈ ಭಯಕ್ಕೆ ಕಾರಣವಿಲ್ಲದಿಲ್ಲ. ಹುಚ್ಚುರೋಗದಲ್ಲಿ ನಾಯಿಯು ತನಗೆ ಕಡಿತವಾದ ಜಾಗವನ್ನೇ ಕೆರೆದುಕೊಳ್ಳುವುದುಂಟು. ಸ್ವಭಾವ ಏಕಾಏಕಿ ಬದಲಾಗಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ಬೊಗಳುವ ಧ್ವನಿ ಕೆಟ್ಟಿದ್ದರೆ, ನುಂಗಲು ಕಷ್ಟಪಡುತ್ತಿದ್ದರೆ ಅದನ್ನು ಮುಟ್ಟದೆ ದೂರದಿಂದಲೇ ಬಂಧಿಸಿ ವೈದ್ಯರಿಗೆ ತಿಳಿಸಬೇಕು. ಆದರೆ ಎಂದಿನಂತೆ ಉಂಡು, ಬಾಲ ಅಲ್ಲಾಡಿಸುತ್ತ, ವಾರಗಟ್ಟಲೆ ಪಾದಗಳನ್ನೇ ನೆಕ್ಕುವ ನಾಯಿಗೆ ಸಾಮಾನ್ಯವಾಗಿ ಇರುವುದು ತುರಿಕೆ. ಅದಕ್ಕೆ ಒಗ್ಗದಿಕೆ, ಅಂದರೆ ಅಲರ್ಜಿ, ಒಂದು ಮುಖ್ಯ ಕಾರಣ.

ಒಗ್ಗದಿಕೆಯೋ, ಮುಳ್ಳೋ?

ಮೊದಲು ನೋಡಬೇಕಾದದ್ದು ಎಷ್ಟು ಪಾದಗಳಿಗೆ ತೊಂದರೆಯಿದೆ ಎಂಬುದನ್ನು. ಒಂದೇ ಪಾದವನ್ನು ನೆಕ್ಕುತ್ತಿದ್ದರೆ ಅಲ್ಲಿ ನಿಂಬೆಯ ಮುಳ್ಳೋ, ಜಾಲಿಯ ಮುಳ್ಳೋ, ಹುಲ್ಲಿನ ಚೂಪು ತುಣುಕೋ ಮುರಿದು ಉಳಿದಿರುವ ಸಂಭವವೇ ಹೆಚ್ಚು, ಉಗುರು ಸೀಳಿರಲೂಬಹುದು. ನಮ್ಮ ನಿಂಬೆ ತೋಟಗಳಲ್ಲಿ ಸವರಿದ ಕೊಂಬೆಗಳನ್ನು ಬದುವಿನಲ್ಲಿಯೇ ಬಿಡುವ ರೂಢಿ ಇರುವುದರಿಂದ ಈ ಸಂಗತಿ ಮರೆಯಬಾರದು. ಎರಡೂ ಮುಂಗಾಲು ಅಥವಾ ನಾಲ್ಕೂ ಪಾದಗಳಲ್ಲಿ ತುರಿಕೆಯಿದ್ದು, ಜೊತೆಗೆ ಕಿವಿ, ಕಂಕುಳು, ಹೊಟ್ಟೆಯ ತಳಭಾಗವೂ ಕೆಂಪಾಗಿದ್ದರೆ ಒಗ್ಗದಿಕೆಯನ್ನು ಶಂಕಿಸಬೇಕು. ಬಿಳಿ ಅಥವಾ ತಿಳಿಬಣ್ಣದ ನಾಯಿಯಲ್ಲಿ ಬೆರಳ ಕೂದಲು ಜೊಲ್ಲು ತಾಗಿ ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ. ಗಾಳಿ, ಧೂಳಿನಿಂದ ಬರುವ ಒಗ್ಗದಿಕೆ ಹೆಚ್ಚಾಗಿ 6 ತಿಂಗಳಿಂದ 3 ವರ್ಷದೊಳಗಿನ ವಯಸ್ಸಿನಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ.

ಕಜ್ಜಿಹುಳು, ಚಿಗಟ, ಉಣ್ಣಿ, ಶಿಲೀಂಧ್ರ, ಕೊಕ್ಕೆಹುಳು ಇವೂ ಪಾದ ತುರಿಸುವಂತೆ ಮಾಡುತ್ತವೆ. ಕೊಕ್ಕೆಹುಳುವಿನ ಮರಿಗಳು ಹೊಲಸಾದ ಒದ್ದೆ ನೆಲದಿಂದ ಬೆರಳ ಸಂದಿಯ ಚರ್ಮದ ಮೂಲಕವೇ ಒಳಸೇರುತ್ತವೆ. ಮನೆಯವರಿಗೂ ತುರಿಕೆ ಶುರುವಾಗಿದ್ದರೆ ಕಜ್ಜಿಯೆಂದು ಊಹಿಸಬೇಕು, ಏಕೆಂದರೆ ನಾಯಿಯ ಕಜ್ಜಿಹುಳು ಮನುಷ್ಯರಿಗೂ ಹತ್ತುತ್ತದೆ. ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಲವು ಬಾರಿ ಗೊತ್ತಾಗುತ್ತದೆ. ಆದರೆ ಹುಳು ಕಾಣದಿದ್ದರೂ ಕಜ್ಜಿಯಿಲ್ಲವೆಂದು ಹೇಳಲಾಗದು. ಇವುಗಳನ್ನು ವೈದ್ಯರಿಂದ ಪರೀಕ್ಷಿಸಿ, ಚಿಗಟಗಳಿಗೆ ಔಷಧಿ ಹಾಕಿದ ಮೇಲೆಯೇ ಆಹಾರದ ವಿಚಾರಕ್ಕೆ ಬರುವುದು ಲೇಸು.

ಆಹಾರ ಪರೀಕ್ಷೆ

ಆಹಾರವೇ ಎಲ್ಲ ತುರಿಕೆಗೂ ಕಾರಣ ಎಂಬ ನಂಬಿಕೆ ಈಚೆಗೆ ಬೆಳೆದಿದೆ. ಇದು ಸರಿಯಲ್ಲ. ಧೂಳು, ಧೂಳಿನ ನುಸಿ, ಹೂಪರಾಗ, ಚಿಗಟದ ಕಡಿತ ಇವುಗಳಿಂದ ನರಳುವ ನಾಯಿಗಳೇ ಹೆಚ್ಚು. ಆದರೂ ವರ್ಷದ ಎಲ್ಲ ಕಾಲದಲ್ಲೂ ಒಂದೇ ರೀತಿ ತುರಿಕೆಯಿದ್ದರೆ, ಜೊತೆಗೆ ಆಗಾಗ ಭೇದಿ, ವಾಂತಿ ಇದ್ದರೆ ಆಹಾರವನ್ನು ಪರೀಕ್ಷಿಸಲೇಬೇಕು. ರಕ್ತಪರೀಕ್ಷೆಯಿಂದ ಆಹಾರದ ಒಗ್ಗದಿಕೆಯನ್ನು ನಂಬಿಕೆಯಿಂದ ಹೇಳಲಾಗದು. ಉಣಿಸಿ ನೋಡುವುದೊಂದೇ ದಾರಿ.

ಒಗ್ಗದಿಕೆ ಉಂಟಾಗುವುದು ನಾಯಿ ಬಹುಕಾಲದಿಂದ ತಿನ್ನುತ್ತಿರುವ ಪದಾರ್ಥದ ಪ್ರೋಟೀನಿಗೆ, ಹೊಸತಕ್ಕಲ್ಲ. "ಐದು ವರ್ಷದಿಂದ ಅದನ್ನೇ ತಿಂತೈತಿ, ಏನೂ ಆಗಿರಲಿಲ್ಲ" ಎಂಬ ಮಾತು ಇಲ್ಲಿ ಸಲ್ಲುವುದಿಲ್ಲ. ಬೇರೆಬೇರೆ ದೇಶಗಳ ವರದಿಗಳಲ್ಲಿ ದನದ ಮಾಂಸ, ಹಾಲಿನ ಪದಾರ್ಥ, ಕೋಳಿಮಾಂಸ ಮತ್ತು ಗೋಧಿ ಇವು ಮುಂದೆ ನಿಲ್ಲುತ್ತವೆ. ನಮ್ಮ ಕಡೆಯ ನಾಯಿಗೆ ಸಿಗುವುದು ಜೋಳದ ರೊಟ್ಟಿ, ಮಜ್ಜಿಗೆ, ಮನೆಯ ಉಳಿಕೆ, ಸಂತೆಯ ದಿನ ಕೋಳಿಯ ಚೂರು. ಆದುದರಿಂದ ಮೊದಲು ನಿಲ್ಲಿಸಬೇಕಾದುದು ಹಾಲು, ಮಜ್ಜಿಗೆ, ಕೋಳಿ ಮತ್ತು ಚಪಾತಿ. ಮಜ್ಜಿಗೆ ನಿಲ್ಲಿಸಿರಿ ಎಂದರೆ ಅನೇಕರಿಗೆ ಬೇಸರವಾಗುತ್ತದೆ. ರೊಟ್ಟಿ ನೆನೆಯುವುದು ಹೇಗೆ ಎನ್ನುತ್ತಾರೆ. ಬಿಸಿನೀರಿನಲ್ಲಿ ನೆನೆಯುತ್ತದೆ.

ಪರೀಕ್ಷೆಗೆ ನಾಯಿ ಈವರೆಗೆ ತಿನ್ನದ ಒಂದು ಪ್ರೋಟೀನು ಮತ್ತು ಒಂದು ಧಾನ್ಯವನ್ನು ಆಯ್ದುಕೊಳ್ಳಬೇಕು. ಜೋಳ ಉಂಡು ಬೆಳೆದ ನಾಯಿಗೆ ಅಕ್ಕಿ ಹೊಸದು. ಅದರ ಜೊತೆಗೆ ಎಂದೂ ಕೊಡದಿದ್ದರೆ ಆಡಿನ ಮಾಂಸ ಅಥವಾ ಮೀನು ಆಗುತ್ತದೆ. ಮಾಂಸ ಬೇಯಿಸದ ಮನೆಯವರು ಹೆಸರುಬೇಳೆಯನ್ನು ಮೆತ್ತಗೆ ಬೇಯಿಸಿ ಅನ್ನದೊಡನೆ ಕೊಟ್ಟು ನೋಡಬಹುದು, ಆದರೆ ಪೂರ್ಣ ಬೆಳೆದ ನಾಯಿಗೆ ಮಾತ್ರ ಮತ್ತು ವೈದ್ಯರಿಗೆ ತಿಳಿಸಿ. ಉಪ್ಪು, ಖಾರ, ಒಗ್ಗರಣೆ ಬೇಡ. ಇಂಥ ಆಹಾರದಲ್ಲಿ ಸುಣ್ಣದ ಅಂಶ ಕಡಿಮೆಯಿರುವುದರಿಂದ ಮರಿಗಳಿಗೂ ಗಬ್ಬದ ನಾಯಿಗೂ ಪರೀಕ್ಷೆ ಮಾಡಬಾರದು.

ಇದು 8 ವಾರ ನಡೆಯಬೇಕು. ಎರಡು ವಾರ ಮಾಡಿ ಗುಣ ಕಾಣಲಿಲ್ಲವೆಂದು ಬಿಟ್ಟವರೇ ಬಹಳ. ಪರೀಕ್ಷೆ ಕೆಡುವುದು ಮನೆಯ ಮಕ್ಕಳಿಂದ. ಒಂದು ಚೂರು ಬಿಸ್ಕತ್ತು ಸಾಕು. ಅಜ್ಜಿಯವರೂ ಕಡಿಮೆಯಲ್ಲ. ನಾಯಿ ರಾತ್ರಿ ಊರ ತಿಪ್ಪೆಗೆ ಹೋಗುತ್ತಿದ್ದರೆ ಪರೀಕ್ಷೆಯೇ ನಿರರ್ಥಕ, ಆದುದರಿಂದ ಈ ಅವಧಿಯಲ್ಲಿ ಕಟ್ಟಿಹಾಕಬೇಕು. ವಾರಕ್ಕೊಮ್ಮೆ ನೆಕ್ಕುವಿಕೆ ಎಷ್ಟು ಕಡಿಮೆಯಾಯಿತೆಂದು ಒಂದು ಕಾಗದದಲ್ಲಿ ಬರೆದಿಡಿರಿ. ತುರಿಕೆ ಇಳಿದರೆ ಹಳೆಯ ಆಹಾರವನ್ನು ಒಂದೊಂದಾಗಿ, ಪ್ರತಿಯೊಂದಕ್ಕೂ ಎರಡು ವಾರದ ಅಂತರವಿಟ್ಟು ಮತ್ತೆ ಕೊಟ್ಟು ನೋಡಬೇಕು. ಕೆಲವು ಗಂಟೆಗಳಿಂದ 14 ದಿನಗಳೊಳಗೆ ತುರಿಕೆ ಮರಳಿದರೆ ಆ ಪದಾರ್ಥವೇ ಕಾರಣ. ಈ ಎರಡನೆಯ ಭಾಗವನ್ನು ಬಿಟ್ಟವರಿಗೆ ಏನನ್ನು ಬಿಡಬೇಕೆಂಬುದು ಎಂದಿಗೂ ತಿಳಿಯುವುದಿಲ್ಲ.

ಅಗಸಿ ಹಿಂಡಿ ತಿನ್ನಿಸಿದರೆ ಚರ್ಮಕ್ಕೆ ಒಳ್ಳೆಯದೆಂದು ಹೇಳುವವರಿದ್ದಾರೆ. ಅಗಸಿಯಲ್ಲಿರುವ ಕೊಬ್ಬಿನಾಮ್ಲವನ್ನು ನಾಯಿಯ ದೇಹ ಬಹಳ ಕಡಿಮೆ ಪ್ರಮಾಣದಲ್ಲಿ ಮಾತ್ರ ಬಳಸಿಕೊಳ್ಳಬಲ್ಲದು. ಮೀನೆಣ್ಣೆ ಅದಕ್ಕಿಂತ ಉತ್ತಮ, ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ಆಹಾರ ಪರೀಕ್ಷೆ ನಡೆಯುತ್ತಿರುವಾಗ ಇದನ್ನೂ ಸೇರಿಸಬಾರದು. ನಮ್ಮ ಅಗಸಿ ಚಟ್ನಿಯಲ್ಲಿ ಬಳ್ಳುಳ್ಳಿಯಿರುತ್ತದೆ. ಬಳ್ಳುಳ್ಳಿ, ಉಳ್ಳಾಗಡ್ಡಿ ನಾಯಿಯ ರಕ್ತಕಣಗಳನ್ನು ಕೆಡಿಸುತ್ತವೆ. ದ್ರಾಕ್ಷಿ ಬೆಳೆಯುವವರು ಇನ್ನೊಂದು ಮಾತು ನೆನಪಿಡಬೇಕು: ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಯ ಮೂತ್ರಪಿಂಡ ಕೆಡುವುದುಂಟು. ಒಣದ್ರಾಕ್ಷಿ ಶೆಡ್ಡಿನೊಳಗೆ ನಾಯಿಯನ್ನು ಬಿಡಬೇಡಿರಿ.

ಪಾದಗಳ ಆರೈಕೆ

ಕಾರಣ ಯಾವುದೇ ಇರಲಿ, ಪಾದ ತೊಳೆಯುವುದರಿಂದ ನಷ್ಟವಿಲ್ಲ. ಹೂಪರಾಗ, ಧೂಳು, ಕಾಂಗ್ರೆಸ್ ಕಸದ ಪುಡಿ ಬೆರಳ ಸಂದಿಯಲ್ಲಿಯೇ ನಿಲ್ಲುತ್ತವೆ. ಮಳೆಗಾಲದಲ್ಲಿ ಎರೆಮಣ್ಣು ಅಂಟಿ, ಒಣಗಿ, ಗಟ್ಟಿ ಗುಳಿಗೆಯಂತಾಗಿ ಬೆರಳುಗಳನ್ನು ಅಗಲಿಸುತ್ತದೆ. ಅದರಡಿಯಲ್ಲಿ ತೇವ ಉಳಿದು ಶಿಲೀಂಧ್ರ ಬೆಳೆಯುತ್ತದೆ. ತೋಟದಿಂದ ಮರಳಿದ ಕೂಡಲೆ ಅಗಲ ಬಾಯಿಯ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರಿಟ್ಟು ಒಂದೊಂದೇ ಪಾದವನ್ನು ಅದ್ದಿ, ಬೆರಳುಗಳನ್ನು ಬಿಡಿಸಿ ತೊಳೆಯಬೇಕು. ಚರ್ಮ ಕೆಂಪಾಗಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಎರಡು ಟೀ ಚಮಚ ಉಪ್ಪು ಸೇರಿಸಬಹುದು. ಅನಂತರ ಹಳೆಯ ಹತ್ತಿಬಟ್ಟೆಯಿಂದ ಸಂದಿಸಂದಿ ಒರೆಸಿ ಒಣಗಿಸಬೇಕು. ತೊಳೆದು ಒದ್ದೆಯಾಗಿಯೇ ಬಿಡುವುದು ತೊಳೆಯದಿರುವುದಕ್ಕಿಂತ ಕೆಟ್ಟದು. ಹುಳಿವಾಸನೆ, ಅಂಟು ಕಂಡರೆ ವೈದ್ಯರು ಕ್ಲೋರ್‌ಹೆಕ್ಸಿಡಿನ್ ಇರುವ ಶಾಂಪೂ ಬರೆದುಕೊಡುತ್ತಾರೆ. ಅದನ್ನು ಹಚ್ಚಿ 10 ನಿಮಿಷ ಬಿಟ್ಟು ತೊಳೆಯಬೇಕು. ಆ 10 ನಿಮಿಷ ನಾಯಿ ನೆಕ್ಕದಂತೆ ಹಿಡಿದಿರಬೇಕು.

ಔಷಧಿ ಸಿಂಪಡಿಸಿದ ದ್ರಾಕ್ಷಿ ತೋಟಕ್ಕೆ ನಾಯಿ ನುಗ್ಗಿದರೆ ವಿಷ ಪಾದಕ್ಕೆ ಮೆತ್ತಿ, ನೆಕ್ಕಿದಾಗ ಹೊಟ್ಟೆಗೆ ಹೋಗುತ್ತದೆ. ಸಿಂಪಡಣೆಯ ದಿನ ನಾಯಿಯನ್ನು ಕಟ್ಟಿರಿ. ಇದಕ್ಕಿಂತ ಘೋರವಾದುದು ತುರಿಕೆಗೆಂದು ಕೀಟನಾಶಕವನ್ನೇ ಮೈಗೆ, ಪಾದಕ್ಕೆ ಬಳಿಯುವುದು. ಅಂಥ ನಾಯಿ ಜೊಲ್ಲು ಸುರಿಸಿ, ನಡುಗಿ, ಕೆಲವೇ ಗಂಟೆಗಳಲ್ಲಿ ಸತ್ತೀತು. ಸೀಮೆಎಣ್ಣೆ, ಸುಟ್ಟ ಎಂಜಿನ್ ಆಯಿಲ್, ಹುಣ್ಣಿನ ಮೇಲೆ ನಿಂಬೆರಸ ಇವೂ ಬೇಡ. ಮನುಷ್ಯರ ನೋವಿನ ಮಾತ್ರೆಗಳು, ವಿಶೇಷವಾಗಿ ಡೈಕ್ಲೋಫೆನಾಕ್, ಐಬುಪ್ರೊಫೆನ್, ನಾಯಿಗೆ ಅಪಾಯಕರ. ಔಷಧಿ ಅಂಗಡಿಯಿಂದ ಸ್ಟೆರಾಯ್ಡ್ ಮಾತ್ರೆ ತಂದು ಹಾಕಿದರೆ ತುರಿಕೆ ಎರಡೇ ದಿನದಲ್ಲಿ ನಿಲ್ಲುತ್ತದೆ ನಿಜ. ಕಜ್ಜಿಹುಳು ಒಳಗಿದ್ದರೆ ಅದೇ ಮಾತ್ರೆ ರೋಗವನ್ನು ಹೆಚ್ಚಿಸುತ್ತದೆ.

ಮಲಗುವ ಗೋಣಿಚೀಲದಲ್ಲಿ ಧೂಳಿನ ನುಸಿ ಮನೆಮಾಡಿರುತ್ತದೆ. ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ನಮ್ಮ ಬಿಸಿಲಿಗೆ ಹಾಕಿದರೆ ಬಹಳಷ್ಟು ಹೋಗುತ್ತದೆ. ಬೇಸಿಗೆಯ ನಡುಹಗಲಿನಲ್ಲಿ ಡಾಂಬರು ರಸ್ತೆಯ ಮೇಲೆ ನಡೆಸಿದ ನಾಯಿಯ ಪಾದದ ಗಾದಿ ಸುಡುತ್ತದೆ. ಅದನ್ನು ಒಗ್ಗದಿಕೆಯೆಂದು ತಿಳಿದು ಆಹಾರ ಬದಲಿಸಿದವರೂ ಇದ್ದಾರೆ.

ಪಾದ ಹಿಡಿದು ತೊಳೆಯುವವರಿಗೆ ನಾಯಿಯ ಜೊಲ್ಲು ತಾಗದೆ ಇರದು. ಮರಿಗೆ 3 ತಿಂಗಳಾದಾಗ ಹುಚ್ಚುರೋಗದ ಲಸಿಕೆ ಹಾಕಿಸಿ, ವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ ಮರುಲಸಿಕೆ ಕೊಡಿಸಿರಬೇಕು. ಲಸಿಕೆಯ ಚೀಟಿಯನ್ನು ಆಹಾರದ ಕಾಗದದ ಜೊತೆಗೇ ಇಟ್ಟುಕೊಂಡು ಪಶು ಆಸ್ಪತ್ರೆಗೆ ಹೋದರೆ ವೈದ್ಯರಿಗೆ ಅರ್ಧ ಕೆಲಸ ಹಗುರಾಗುತ್ತದೆ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಮುಧೋಳ ತಳಿಯ ಬೇಟೆನಾಯಿ ಸಾಕಿದವರು ಅಲ್ಲಿಯೂ ವಿಚಾರಿಸಬಹುದು.