ಕೊಂಡುಕುರಿಯ ಸೀಮೆಯಲ್ಲಿ ಕ್ಯಾಮೆರಾ

ಜಗಳೂರು ಎಂದರೆ ಪತ್ರಿಕೆಗಳಿಗೆ ನೆನಪಾಗುವುದು ಬರ. ಆ ತಾಲ್ಲೂಕಿನ ಸೊಕ್ಕೆ ಹೋಬಳಿಯ ಕಡೆ ಬಂದರೆ ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಹೊಲಗಳು. ಹೊಲ ಮುಗಿದಲ್ಲಿ ಕಲ್ಲುಗುಡ್ಡ, ಬಂದರಿ, ತಂಗಡಿ, ಜಾಲಿ. ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಇದೆಲ್ಲ ಪಾಳು ನೆಲ. ಕೊಂಡುಕುರಿಗೆ ಬೇಕಾದದ್ದು ಇಂಥದೇ ನೆಲ.

ಇದೇ ತಾಲ್ಲೂಕಿನ ರಂಗಯ್ಯನದುರ್ಗದ ಸುಮಾರು 77 ಚದರ ಕಿ.ಮೀ. ಕಾಡು 2011ರಲ್ಲಿ ಕೊಂಡುಕುರಿ ವನ್ಯಜೀವಿ ಧಾಮವಾಯಿತು. ಆನೆಯ ಹೆಸರಿನಲ್ಲೋ ಹುಲಿಯ ಹೆಸರಿನಲ್ಲೋ ಕಾಡು ಉಳಿಯುವುದು ನಮಗೆ ಗೊತ್ತು. ಸುಮಾರು ಎರಡಡಿ ಎತ್ತರದ, 20 ಕಿಲೋ ಆಸುಪಾಸಿನ ಸಂಕೋಚದ ಪ್ರಾಣಿಯೊಂದು ಕಾಡಿಗೆ ಹೆಸರು ಕೊಟ್ಟದ್ದು ಅಪರೂಪ. ಭಾರತ ಮತ್ತು ನೇಪಾಳ ಬಿಟ್ಟರೆ ಇದು ಬೇರೆಲ್ಲೂ ಇಲ್ಲ. ಚಿಗರೆಯ ಬಳಗದಲ್ಲಿ ನಾಲ್ಕು ಕೊಂಬಿರುವುದೂ ಇದಕ್ಕೊಂದಕ್ಕೇ, ಅದೂ ಗಂಡಿಗೆ ಮಾತ್ರ. ಹಿಂದಿನ ಜೋಡಿ 8–10 ಸೆಂ.ಮೀ. ಬೆಳೆದರೆ ಹಣೆಯ ಮೇಲಿನ ಜೋಡಿ ಕೆಲವಕ್ಕೆ ಬರೀ ಉಬ್ಬು.

ಫೋಟೊ ತೆಗೆಯುವವರಿಗೆ ಇದು ಸುಲಭಕ್ಕೆ ಒಲಿಯುವುದಿಲ್ಲ. ಹಿಂಡು ಕಟ್ಟುವುದಿಲ್ಲ; ಒಂಟಿ, ಹೆಚ್ಚೆಂದರೆ ಜೋಡಿ. ಸಪ್ಪಳವಾದರೆ ಎತ್ತರದ ಹುಲ್ಲಿನಲ್ಲಿ ಕಲ್ಲಿನಂತೆ ನಿಂತುಬಿಡುತ್ತದೆ. ಮೈಬಣ್ಣ ಒಣಹುಲ್ಲಿನದೇ ಆದ್ದರಿಂದ ಕಣ್ಣೆದುರಿದ್ದರೂ ಕಾಣುವುದಿಲ್ಲ. ಆದರೆ ಒಂದು ಅಭ್ಯಾಸ ಅದನ್ನು ಬಿಟ್ಟುಕೊಡುತ್ತದೆ: ಹಿಕ್ಕೆ ಹಾಕಲು ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಹಳೆಯ, ಬಿಳಿಚಿದ ಹಿಕ್ಕೆಯ ಮೇಲೆ ಕಪ್ಪಗೆ ಹೊಳೆಯುವ ಹೊಸದು ಬಿದ್ದಿದ್ದರೆ ಒಡೆಯ ಹತ್ತಿರದಲ್ಲೇ ಇದ್ದಾನೆ ಎಂದರ್ಥ. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿ ಎಣಿಕೆಗೆ ಬಳಸಿದ ಸ್ವಯಂಚಾಲಿತ ಕ್ಯಾಮೆರಾಗಳು ಇಂಥ ನಾಚಿಕೆಯ ಪ್ರಾಣಿಗಳಿಗೂ ಹೇಳಿಮಾಡಿಸಿದಂತಿವೆ.

ಬೇಸಿಗೆಯಲ್ಲಿ ನೀರಿನ ಹೊಂಡದ ಪಕ್ಕ ಹೊಂಚಿ ಕೂರುವುದು ಇನ್ನೊಂದು ದಾರಿ. ನನಗದು ಒಪ್ಪಿಗೆಯಿಲ್ಲ. ಕೊಂಡುಕುರಿ ನೀರಿನಿಂದ ದೂರ ಬದುಕುವ ಪ್ರಾಣಿಯಲ್ಲ. ಸುತ್ತಲ ಹೊಂಡಗಳೆಲ್ಲ ಬತ್ತಿ ಒಂದೇ ಉಳಿದಿರುವಾಗ ಅಲ್ಲಿ ಮನುಷ್ಯ ಕೂತರೆ ಅದು ಬಾಯಾರಿಕೊಂಡೇ ಹಿಂದಿರುಗಬೇಕಾಗುತ್ತದೆ. ಫೋಟೊ ಸಿಕ್ಕವರು ಜಾಗದ ಗುರುತು ಮೊಬೈಲಿನಲ್ಲಿ ಹಂಚದಿರುವುದೂ ಲೇಸು. ಉರುಳು ಹಾಕುವವರ ಕೈಯಲ್ಲೂ ಮೊಬೈಲು ಇದೆ.

ಈ ಬಯಲುಸೀಮೆಗೆ ಕ್ಯಾಮೆರಾ ಹೊಸತಲ್ಲ. ಹತ್ತಿರದ ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದವರು. ಕಪ್ಪು-ಬಿಳುಪು ವನ್ಯಜೀವಿ ಚಿತ್ರಗಳಿಂದ ಹೊರದೇಶಗಳಲ್ಲೂ ಹೆಸರಾದವರು.

ಧಾಮದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅದು ಸಿಗದಿದ್ದರೂ ಬೇಸರವಿಲ್ಲ, ಹೊರಗಿನ ಹೊಲಗಳೇ ಸಾಕು. ತಂತಿಯ ಮೇಲೆ ನೀಲಕಂಠ, ಬೇಲಿಯ ಸಂದಿಯಲ್ಲಿ ಗೌಜುಗ. ಉತ್ತ ಹೊಲದಲ್ಲಿ ನೆಲಗುಬ್ಬಿಯ ಗಂಡು ಸರ್ರನೆ ಮೇಲೇರಿ, ರೆಕ್ಕೆ ಮಡಚಿ ಸಿಳ್ಳೆಯೊಂದಿಗೆ ಬಿದ್ದು, ನೆಲ ಮುಟ್ಟುವ ಮೊದಲೇ ಮತ್ತೆ ಏರುತ್ತದೆ. ಅದರ ಗೂಡು ನೆಲದ ಮೇಲಿನ ಪುಟ್ಟ ತಗ್ಗು, ಕಾಲಿಡುವಾಗ ನೋಡಿಕೊಳ್ಳಿ. ಹೊಲದವರನ್ನು ಮೊದಲೇ ಒಂದು ಮಾತು ಕೇಳಿಬಿಡಿ. ಉದ್ದನೆಯ ಲೆನ್ಸು, ಮುಕ್ಕಾಲಿ ಹಿಡಿದು ಬದುವಿನ ಮೇಲೆ ನಿಂತವರನ್ನು ಕಂಡರೆ ಸರ್ವೆಗೆ ಬಂದವರೇನೋ ಎಂದು ಗಾಬರಿಯಾಗುವವರೂ ಇದ್ದಾರೆ.